ಹಿಡಿದು ಬಿಟ್ಟರೆ ಅಹಿಂಸೆಯೇ?

ಚನ್ನಪಟ್ಟಣಕ್ಕೆ ಸಮೀಪದ ದೊಡ್ಡಮಳೂರು ಕಣ್ವ ನದಿಯ ದಡದ ಊರು. ಇದೇ ನದಿಗೆ 1946ರಲ್ಲಿ ಕಟ್ಟಿದ ಕಣ್ವ ಜಲಾಶಯವೂ ಈ ತಾಲ್ಲೂಕಿನಲ್ಲಿಯೇ ಇದೆ. ಕಣ್ವ ಶಿಂಷೆಯನ್ನೂ ಶಿಂಷೆ ಕಾವೇರಿಯನ್ನೂ ಸೇರುತ್ತವೆ. ಈ ನೀರಿನ ಹಾದಿಯುದ್ದಕ್ಕೂ ಹರಿಗೋಲಿನಲ್ಲಿ ಕುಳಿತು ಬಲೆ ಬೀಸಿ ಹೊಟ್ಟೆ ಹೊರೆಯುವವರು ಹಿಂದಿನಿಂದಲೂ ಇದ್ದಾರೆ. ಇಲ್ಲಿಯ ಆಕ್ಷೇಪ ಅವರನ್ನು ಕುರಿತದ್ದಲ್ಲ. ಹಸಿವಿಲ್ಲದೆ, ಜೀವನೋಪಾಯದ ನಿರ್ಬಂಧವೂ ಇಲ್ಲದೆ, ಕೇವಲ ವಿನೋದಕ್ಕಾಗಿ ಗಾಳ ಹಾಕುವವರನ್ನು ಕುರಿತದ್ದು. ಅದಕ್ಕಿಂತ ಮಿಗಿಲಾಗಿ, ಅದರಲ್ಲಿ ದೋಷವೇನಿದೆ ಎಂದು ಕೇಳುವ ಶ್ರಾವಕರನ್ನು ಕುರಿತದ್ದು.

ಅವರು ಮುಂದಿಡುವ ಸಮರ್ಥನೆ ಒಂದೇ: ‘ಹಿಡಿದ ಮೀನನ್ನು ಕೊಲ್ಲುವುದಿಲ್ಲ, ನೀರಿಗೇ ಬಿಡುತ್ತೇವೆ.’ ಅಮೆರಿಕದಲ್ಲಿ ಬಾಸ್ ಮೀನಿನ ಸ್ಪರ್ಧೆಗಳನ್ನು ಏರ್ಪಡಿಸುತ್ತಿದ್ದ ರೇ ಸ್ಕಾಟ್ 1972ರಲ್ಲಿ ಈ ಪದ್ಧತಿಗೆ ವ್ಯಾಪಕ ಪ್ರಚಾರ ನೀಡಿದನು. ಕಯಾಕ್ ಎಂಬ ಕಿರುದೋಣಿಯಲ್ಲಿ ಕುಳಿತು ಬಾಸ್, ಕ್ರ್ಯಾಪಿ ಮೀನುಗಳಿಗೆ ಗಾಳ ಹಾಕುವುದು ಅಲ್ಲಿಯ ಸರೋವರಗಳಲ್ಲಿ ರಜಾದಿನದ ಸಾಮಾನ್ಯ ವಿನೋದ. ಮಕ್ಕಳು ಅಲ್ಲಿ ನೆಲೆಸಿರುವ ಕುಟುಂಬಗಳಿಗೆ ಇದು ಅಪರಿಚಿತವಲ್ಲ. ನಮ್ಮ ಕಾವೇರಿಯ ದಡದಲ್ಲಿಯೂ, ಭೀಮೇಶ್ವರಿ ಮತ್ತು ಕನಕಪುರ ತಾಲ್ಲೂಕಿನ ಗಾಳಿಬೋರೆಗಳಲ್ಲಿ, ಮಹಸೀರ್ ಮೀನಿಗಾಗಿ ಇಂತಹ ಶಿಬಿರಗಳು ಅನೇಕ ವರ್ಷ ನಡೆದವು. ರಾಗಿಹಿಟ್ಟಿನ ಉಂಡೆಯೊಳಗೆ ಕೊಕ್ಕೆಯನ್ನು ಅಡಗಿಸಿ, ಸೆಣಸಿ ಬಳಲಿದ ಮೀನನ್ನು ಎತ್ತಿ, ಛಾಯಾಚಿತ್ರ ತೆಗೆಸಿಕೊಂಡು ಬಿಡುವುದು ಕ್ರಮ. ಅನ್ನವೇ ಇಲ್ಲಿ ಬಲೆಯಾಯಿತು. ಇದು ಹಿಂಸೆ ಮಾತ್ರವಲ್ಲ, ಮಾಯಾಕಷಾಯವೂ ಹೌದು.

ಕೊಲ್ಲದಿದ್ದರೆ ಹಿಂಸೆಯಿಲ್ಲ ಎಂಬುದು ಜಿನಶಾಸನದ ಮಾತಲ್ಲ. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿಯ ‘ವಧ’ಕ್ಕೂ ವ್ಯಾಖ್ಯಾನಕಾರರು ಹೊಡೆತವೆಂದೇ ಅರ್ಥ ಹೇಳುತ್ತಾರೆ. ಪ್ರಾಣ ಹೋಗದಿದ್ದರೂ ವ್ರತ ಕೆಡುತ್ತದೆ ಎಂಬುದೇ ಈ ಪಟ್ಟಿಯ ತಾತ್ಪರ್ಯ. ಗಾಳಕ್ಕೆ ಸಿಲುಕಿದ ಮೀನಿಗೆ ದಾರದ ಬಂಧವಿದೆ, ಕೊಕ್ಕೆಯ ಛೇದವಿದೆ. ಮೀನು ಪಂಚೇಂದ್ರಿಯ ಜೀವಿ. ಗಾಳದ ತುದಿಗೆ ಚುಚ್ಚುವ ಎರೆಹುಳು ದ್ವೀಂದ್ರಿಯ ಜೀವಿ. ಎರೆಹುಳುವನ್ನಂತೂ ಯಾರೂ ಮರಳಿ ಬಿಡುವುದಿಲ್ಲ. ಮೀನಿಗೆ ನೋವಿಲ್ಲವೆನ್ನುವವರು 2003ರ ಸಂಶೋಧನೆಯನ್ನು ನೋಡಬೇಕು: ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯ ವಿಜ್ಞಾನಿಗಳು ಟ್ರೌಟ್ ಮೀನಿನ ತಲೆಯ ಭಾಗದಲ್ಲಿ, ತುಟಿಗಳ ಸುತ್ತಲೂ ಸೇರಿ, ನೋವಿನ ಪ್ರಚೋದನೆಯನ್ನು ಗ್ರಹಿಸುವ ನರಾಗ್ರಗಳನ್ನು ಗುರುತಿಸಿದರು. ಕೊಕ್ಕೆ ನಾಟುವುದು ಅಲ್ಲಿಯೇ.

ಮೃಗಸೇನ ಧೀವರನೂ ಹಿಡಿದು ಬಿಟ್ಟನಲ್ಲವೇ ಎಂದು ಯಾರಾದರೂ ಕೇಳಬಹುದು. ಬೃಹತ್ಕಥಾಕೋಶದಲ್ಲಿ ಬರುವ, ಆಚಾರ್ಯ ಜ್ಞಾನಸಾಗರರ ದಯೋದಯಚಂಪುವಿಗೆ ವಸ್ತುವಾದ ಆ ಬೆಸ್ತನು, ಬಲೆಗೆ ಮೊದಲು ಬಿದ್ದ ಮೀನನ್ನು ಕೊಲ್ಲೆನೆಂದು ಮುನಿಯ ಬಳಿ ವ್ರತ ತೊಟ್ಟನು. ಅದೇ ಮೀನು ಐದು ಸಲ ಸಿಕ್ಕಿದರೂ ಐದು ಸಲವೂ ಬಿಟ್ಟು ಬರಿಗೈಯಲ್ಲಿ ಮನೆಗೆ ಮರಳಿದನು. ಅವನು ತನ್ನ ಅನ್ನವನ್ನೇ ತ್ಯಾಗ ಮಾಡಿದನು. ವಿನೋದಿಯು ಏನನ್ನು ತ್ಯಾಗ ಮಾಡುತ್ತಾನೆ? ಅವನು ಬಯಸಿದ್ದು ಮೀನಿನ ಹೋರಾಟವನ್ನು. ಅದನ್ನು ಪೂರ್ತಿಯಾಗಿ ಅನುಭವಿಸಿದ ಮೇಲೆ, ತನಗೆ ಬೇಡವಾದುದನ್ನು ಬಿಡುತ್ತಾನೆ. ಒಬ್ಬನದು ಹಿಂಸೆಯಿಂದ ಹೊರಬರುವ ಮೊದಲ ಮೆಟ್ಟಿಲು. ಇನ್ನೊಬ್ಬನದು ಹಿಂಸೆಯೊಳಕ್ಕೆ ಇಳಿಯುವ ಮೆಟ್ಟಿಲು.

ಒಂದು ವಾದವನ್ನು ಮಾತ್ರ ಗೌರವದಿಂದ ಆಲಿಸಬೇಕು. ಶಿಬಿರಗಳ ಕಾವಲಿನಿಂದ ಸಿಡಿಮದ್ದು ಹಾಕುವವರ ಹಾವಳಿ ತಗ್ಗಿ ಮಹಸೀರ್ ಉಳಿಯಿತು ಎನ್ನುತ್ತಾರೆ. ಕಾವೇರಿಯ ಕಿತ್ತಳೆ ರೆಕ್ಕೆಯ ಮಹಸೀರ್ ಇಂದು ಅಳಿವಿನ ಅಂಚಿನಲ್ಲಿರುವುದು ನಿಜ. ಕಾವಲು ಬೇಕೆಂಬುದೂ ನಿಜ. ಆದರೆ ಕಾಯುವ ಕೈಗೆ ಕೊಕ್ಕೆ ಏಕೆ ಬೇಕು? ರಕ್ಷಣೆಯ ಶುಲ್ಕವನ್ನು ರಕ್ಷಿತ ಜೀವಿಯ ತುಟಿಯಿಂದ ವಸೂಲು ಮಾಡುವುದು ದಯೆಯಲ್ಲ, ವ್ಯಾಪಾರ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಕೊಲ್ಲುವುದನ್ನಷ್ಟೇ ಅಲ್ಲ, ಹಿಡಿಯುವುದನ್ನೂ ಆಮಿಷವೊಡ್ಡುವುದನ್ನೂ ಬೇಟೆಯ ವ್ಯಾಖ್ಯೆಯಲ್ಲಿ ಸೇರಿಸಿದೆ. ಸರ್ಕಾರದ ಕಾನೂನು ಕಂಡ ಸೂಕ್ಷ್ಮವನ್ನು ಶ್ರಾವಕರು ಕಾಣದಿರಬಹುದೇ?

ಗೃಹಸ್ಥನಿಗೆ ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳು ಪೂರ್ತಿಯಾಗಿ ತಪ್ಪುವುದಿಲ್ಲವೆಂದು ಆಚಾರ್ಯರು ಒಪ್ಪಿದ್ದಾರೆ. ಸಂಕಲ್ಪೀ ಹಿಂಸೆಗೆ ಮಾತ್ರ ವಿನಾಯಿತಿಯಿಲ್ಲ. ವಿನೋದದ ಗಾಳವು ಸಂಕಲ್ಪವೇ. ಅದು ಪ್ರಯೋಜನವಿಲ್ಲದ ಪಾಪವಾದ್ದರಿಂದ ಅನರ್ಥದಂಡವೂ ಹೌದು. ಹಿಂಸೆಯ ಉಪಕರಣವನ್ನು ಇನ್ನೊಬ್ಬರಿಗೆ ಕೊಡುವುದು ಹಿಂಸಾದಾನ. ಹುಟ್ಟುಹಬ್ಬಕ್ಕೆ ಮೊಮ್ಮಗನಿಗೆ ಗಾಳದ ಕೋಲನ್ನು ಕೊಡುವ ಅಜ್ಜನೂ, ನೀರಿನ ಪಕ್ಕದ ಜಮೀನನ್ನು ಇಂತಹ ವಿಹಾರಕ್ಕೆ ಗೇಣಿಗೆ ಕೊಡುವ ಒಡೆಯನೂ, ಯುವಕರ ಪ್ರವಾಸದಲ್ಲಿ ಇದಕ್ಕೆ ಅವಕಾಶ ಕೊಡುವ ಬಸದಿಯ ಟ್ರಸ್ಟೂ ಕೃತ, ಕಾರಿತ, ಅನುಮೋದನೆಗಳಲ್ಲಿ ಒಂದಕ್ಕಾದರೂ ಉತ್ತರ ಹೇಳಬೇಕಾಗುತ್ತದೆ.

ದೋಣಿ ನಡೆಸಲು ಯುವಕರಿಗೆ ಅಡ್ಡಿಯಿಲ್ಲ. ನೀರನ್ನು ನೋಡಲಿ, ನೀರಿನ ಜೀವಿಗಳನ್ನು ಗುರುತಿಸಲು ಕಲಿಯಲಿ. ಟ್ರಸ್ಟುಗಳು ಮುಂದಿನ ಪ್ರವಾಸದ ನಿಯಮಗಳಲ್ಲಿ ರಾತ್ರಿಭೋಜನ ನಿಷೇಧದ ಜೊತೆಗೆ ಇನ್ನೊಂದು ಸಾಲು ಸೇರಿಸಲಿ: ಗಾಳವನ್ನು ತರಬಾರದು. ಪರ್ಯೂಷಣದ ದಿನಗಳಲ್ಲಿ ಸಕಲ ಜೀವಿಗಳಲ್ಲಿ ಕ್ಷಮೆ ಬೇಡುವ ಸಮಾಜವು, ಉಳಿದ ದಿನಗಳಲ್ಲಿ ಆ ಜೀವಿಗಳ ನೋವನ್ನು ಆಟವೆಂದು ಕರೆಯಲಾಗದು.