ಸಂಸ್ಕೃತಿಯೊಂದೇ ಕಾಯಲಾರದು

ಯುದ್ಧದ ಚಿತ್ರವೆಂದರೆ ಗುಂಡಿನ ಸದ್ದು, ಬಾವುಟ, ಕೊನೆಗೆ ಜಯಘೋಷ ಎಂಬುದೇ ರೂಢಿ. 1968ರಲ್ಲಿ, ಆಗಿನ ಪೂರ್ವ ಜರ್ಮನಿಯಲ್ಲಿ, ಕೊನ್ರಾಡ್ ವುಲ್ಫ್ ತೆಗೆದ "ನನಗಾಗ ಹತ್ತೊಂಬತ್ತು" ಎಂಬ ಚಿತ್ರ ಆ ಜಾತಿಯದಲ್ಲ. ನಮ್ಮಲ್ಲಿ ಅದನ್ನು ಕಂಡವರು ವಿರಳ.

ವುಲ್ಫ್ ಕಮ್ಯುನಿಸ್ಟ್ ನಾಟಕಕಾರನ ಮಗ. ಹಿಟ್ಲರ್ ಅಧಿಕಾರಕ್ಕೇರಿದ 1933ರಲ್ಲಿ ಆ ಕುಟುಂಬ ದೇಶ ಬಿಟ್ಟಿತು. ಮಾಸ್ಕೋದಲ್ಲಿ ಬೆಳೆದ ಹುಡುಗ ಕೆಂಪು ಸೇನೆ ಸೇರಿ, 1945ರಲ್ಲಿ ಪರದೇಶದ ಸಮವಸ್ತ್ರ ತೊಟ್ಟು ಹುಟ್ಟಿದ ನಾಡಿಗೆ ಮರಳಿದ. ಆ ಅನುಭವವೇ ಚಿತ್ರದ ಕಥೆ. ನಾಯಕ ಗ್ರೆಗೊರ್ ಧ್ವನಿವರ್ಧಕ ಹಿಡಿದು, ಶರಣಾಗಿರೆಂದು ಜರ್ಮನ್ ಸೈನಿಕರನ್ನು ಅವರದೇ ಭಾಷೆಯಲ್ಲಿ ಬೇಡುತ್ತಾನೆ. ಚಿತ್ರ ನಮ್ಮನ್ನು ಸಾಕ್ಸನ್‌ಹೌಸನ್ ಯಾತನಾ ಶಿಬಿರಕ್ಕೂ ಒಯ್ಯುತ್ತದೆ. ಗಿರಣಿಯ ಯಂತ್ರವನ್ನು ತೋರಿಸುವವನಂತೆ, ಕೊಲ್ಲುವ ಏರ್ಪಾಟನ್ನು ಕೊಲೆಗಾರನೇ ವಿವರಿಸುವ ವಾಸ್ತವ ಚಿತ್ರಣವನ್ನು ವುಲ್ಫ್ ಅಲ್ಲಿ ಸೇರಿಸಿದ್ದಾನೆ.

ಬಾಖ್‌ನ ಸಂಗೀತ, ಗಯಟೆಯ ಕಾವ್ಯ ಈ ಕೈಗಳನ್ನು ಏಕೆ ತಡೆಯಲಿಲ್ಲ? ಗಯಟೆ ಬಾಳಿದ ವೈಮಾರ್ ಪಟ್ಟಣದ ಪಕ್ಕದ ಗುಡ್ಡದ ಮೇಲೆಯೇ 1937ರಲ್ಲಿ ಬುಖನ್‌ವಾಲ್ಡ್ ಶಿಬಿರ ಎದ್ದಿತಲ್ಲ! ಇದು ಜರ್ಮನರ ರಕ್ತದೋಷವೆಂದರೆ ಹಿಟ್ಲರನ ತರ್ಕವನ್ನೇ ಒಪ್ಪಿದಂತಾಯಿತು. ಕಾರಣ ಬೇರೆಡೆಯಿದೆ. 1933ರ ಮೇ ತಿಂಗಳಲ್ಲೇ ಕಾರ್ಮಿಕ ಸಂಘಗಳನ್ನು ಮುರಿಯಲಾಯಿತು. ಮುಂದೆ ಸಾಕ್ಸನ್‌ಹೌಸನ್ನಿನ ಕೈದಿಗಳು ಹೈಂಕೆಲ್ ವಿಮಾನ ಕಾರ್ಖಾನೆಯಲ್ಲಿ ಬಿಟ್ಟಿ ದುಡಿದರು. ಎದುರಾಡುವ ಬಾಯಿಗಳನ್ನು ಮುಚ್ಚಿಸಿದ ಮೇಲೆ ಉಳಿಯುವ ಸಂಸ್ಕೃತಿ ಧಣಿಯ ದಿವಾನಖಾನೆಯ ಅಲಂಕಾರ ಮಾತ್ರ.

ಆದರೆ ಚಿತ್ರ ಹೇಳದ ಮಾತೊಂದಿದೆ. ಸಮಾಜವಾದಿಗಳಾದ ನಾವು ಅದನ್ನು ಹೇಳಲೇಬೇಕು. 1945ರಿಂದ 1950ರವರೆಗೆ ಅದೇ ಸಾಕ್ಸನ್‌ಹೌಸನ್ ಸೋವಿಯತ್ ಸೆರೆ ಶಿಬಿರವಾಗಿತ್ತು. ಹಸಿವು, ರೋಗಗಳಿಂದ ಸುಮಾರು 12,000 ಮಂದಿ ಅಲ್ಲಿ ಸತ್ತರು. ಇದನ್ನು ನಾಜಿಗಳ ಕಗ್ಗೊಲೆಗೆ ಸರಿದೂಗಿಸುವವರು ಚರಿತ್ರೆಗೆ ದ್ರೋಹ ಬಗೆಯುತ್ತಾರೆ. ಮುಚ್ಚಿಡುವವರು ಸಮಾಜವಾದಕ್ಕೆ ದ್ರೋಹ ಬಗೆಯುತ್ತಾರೆ. ಚಿತ್ರ ತೆರೆಕಂಡ ವರ್ಷವೇ, ಆಗಸ್ಟಿನಲ್ಲಿ, ಸಮಾಜವಾದದ ಹೆಸರಿನಲ್ಲೇ ಪ್ರಾಗ್ ನಗರಕ್ಕೆ ಟ್ಯಾಂಕುಗಳು ನುಗ್ಗಿದವು.

ನಾಡನ್ನು ಅದರ ಕವಿಗಳೊಬ್ಬರೇ ಕಾಯಲಾರರು. ಒಳ್ಳೆಯ ಸಿದ್ಧಾಂತವೂ ತಾನಾಗಿ ಕಾಯಲಾರದು. ಅನ್ಯಾಯದ ಆಜ್ಞೆಗೆ "ಆಗದು" ಎನ್ನುವ ಸಾಮಾನ್ಯ ಮನುಷ್ಯನೂ, ಅವನ ಬೆನ್ನಿಗೆ ನಿಲ್ಲುವ ಸಂಘಟನೆಯೂ ಬೇಕು. ಚಿತ್ರದ ಆರಂಭದಲ್ಲಿ, ತೆಪ್ಪದ ಮೇಲೆ ನೇಣಿಗೆ ಹಾಕಿದ ಜರ್ಮನ್ ಸೈನಿಕನೊಬ್ಬನ ಹೆಣ ಹೊಳೆಯಲ್ಲಿ ತೇಲಿಬರುತ್ತದೆ. ಅವನು ಯುದ್ಧ ಸಾಕೆಂದು ಸೇನೆ ಬಿಟ್ಟವನು. ಅವನ ಬೆನ್ನಿಗೆ ಯಾರೂ ಇರಲಿಲ್ಲ.