ಅನಿಲ ಸಿಕ್ಕಿತು, ಎಷ್ಟು ಸಿಕ್ಕಿತು?

೨೦೨೫ರ ಸಪ್ಟೆಂಬರಿನಲ್ಲಿ ಅಂದಮಾನ್ ಕಡಲಿನ ಶ್ರೀವಿಜಯಪುರಂ-೨ ಬಾವಿಯಲ್ಲಿ ನೈಸರ್ಗಿಕ ಅನಿಲವಿರುವುದು ಪರೀಕ್ಷೆಯಿಂದ ಕಂಡುಬಂದಿತೆಂದು ಸಾರ್ವಜನಿಕ ವಲಯದ ಆಯಿಲ್ ಇಂಡಿಯಾ ಸಂಸ್ಥೆಯು ಸಾರಿತು. ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇಕಡಾ ೮೫ಕ್ಕೂ ಮಿಕ್ಕಿ ಪರದೇಶಗಳಿಂದ ತರಿಸಿಕೊಳ್ಳುವ ದೇಶಕ್ಕೆ ಇದು ಶುಭವಾರ್ತೆಯೇ ಸರಿ. ಆದರೆ ಅನಿಲವಿದೆಯೆಂಬುದು ಒಂದು ಮಾತು. ತೆಗೆದು ಬಳಸುವಷ್ಟಿದೆಯೆಂಬುದು ಬೇರೊಂದು ಮಾತು. ಇವೆರಡನ್ನೂ ಒಂದೆಂದೆಣಿಸಿ ನಾವು ಹಿಂದೊಮ್ಮೆ ಕೈಸುಟ್ಟುಕೊಂಡಿದ್ದೇವೆ.

ಭೂಗರ್ಭವನ್ನು ಕಣ್ಣಾರೆ ಕಂಡವರಿಲ್ಲ. ಕೊರೆದ ಬಾವಿಯೊಳಕ್ಕೆ ತಂತಿಯಿಂದ ಉಪಕರಣಗಳನ್ನು ಇಳಿಸಿ, ಅಡಿಯಡಿಗೂ ಶಿಲೆಯ ಗುಣವನ್ನಳೆದು ಬರೆದುಕೊಳ್ಳುವ ‘ಲಾಗ್’ ಎಂಬ ದಾಖಲೆಯೇ ತಜ್ಞರ ಕಣ್ಣು. ೧೯೨೭ರಲ್ಲಿ ಫ್ರಾನ್ಸಿನ ಪೆಶೆಲ್‌ಬ್ರಾನ್‌ನಲ್ಲಿ ಶ್ಲಂಬರ್ಜೆ ಸೋದರರ ತಂಡವು ಇಂಥ ಮೊದಲ ವಿದ್ಯುತ್ ಲಾಗನ್ನು ಪಡೆಯಿತು. ಗಾಮಾ ಕಿರಣದ ಲಾಗು ಜೇಡಿಶಿಲೆಯನ್ನು ಮರಳುಶಿಲೆಯಿಂದ ಬೇರ್ಪಡಿಸಿ ತೋರುತ್ತದೆ. ಸಾಂದ್ರತೆಯ ಮತ್ತು ನ್ಯೂಟ್ರಾನ್ ಲಾಗುಗಳಿಂದ ಶಿಲೆಯಲ್ಲಿ ಎಷ್ಟು ಪಾಲು ರಂಧ್ರವೆಂಬುದು ತಿಳಿಯುತ್ತದೆ. ರಂಧ್ರಗಳಲ್ಲಿನ ಉಪ್ಪುನೀರು ವಿದ್ಯುತ್ತನ್ನು ಸಲೀಸಾಗಿ ಹರಿಯಗೊಡುತ್ತದೆ. ತೈಲ, ಅನಿಲಗಳು ತಡೆಯುತ್ತವೆ. ರಂಧ್ರವೇ ಇಲ್ಲದ ಗಟ್ಟಿಕಲ್ಲೂ ತಡೆಯುತ್ತದೆ! ಆದುದರಿಂದ ಒಂದೇ ಲಾಗನ್ನು ನಂಬುವಂತಿಲ್ಲ, ಎಲ್ಲವನ್ನೂ ತಾಳೆನೋಡಬೇಕು. ಇಷ್ಟಾದರೂ ಅವುಗಳ ದೃಷ್ಟಿ ಬಾವಿಯ ಸುತ್ತ ಕೆಲವೇ ಅಡಿ. ಅದರಾಚೆಗಿನದು ಊಹೆ, ಇನ್ನಷ್ಟು ಬಾವಿಗಳನ್ನು ಕೊರೆದಂತೆ ಮಾತ್ರ ಆ ಊಹೆ ಗಟ್ಟಿಯಾಗುತ್ತದೆ. ಅನಿಲವು ಶಿಲೆಯೊಳಗಿಂದ ಸರಾಗವಾಗಿ ಹರಿದುಬಂದೀತೇ ಎಂಬುದನ್ನು ಉತ್ಪಾದನಾ ಪರೀಕ್ಷೆಯೇ ಹೇಳಬೇಕು.

೨೦೦೫ರಲ್ಲಿ ಕೃಷ್ಣಾ-ಗೋದಾವರಿ ಕಡಲಲ್ಲಿ ಗುಜರಾತ್ ರಾಜ್ಯದ ಪೆಟ್ರೋಲಿಯಂ ನಿಗಮಕ್ಕೆ ೨೦ ಲಕ್ಷ ಕೋಟಿ ಘನ ಅಡಿ ಅನಿಲ ದೊರೆತಿದೆಯೆಂಬ ಘೋಷಣೆಯಾಯಿತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತಾಯಿತು. ಮುಂದೆ ಅಭಿವೃದ್ಧಿ ಯೋಜನೆ ಸಿದ್ಧವಾದಾಗ ಲೆಕ್ಕವು ಅದರ ಹತ್ತರಲ್ಲೊಂದರ ಆಸುಪಾಸಿಗೆ ಇಳಿಯಿತು. ಅತಿ ಆಳದ, ಅತಿ ಒತ್ತಡದ, ಬಿಗಿಯಾದ ಆ ಶಿಲೆಯಿಂದ ಅನಿಲವೂ ಬಯಸಿದಷ್ಟು ಹರಿಯಲಿಲ್ಲ. ಸಾರ್ವಜನಿಕ ಹಣ ಸಾವಿರಾರು ಕೋಟಿ ವ್ಯಯವಾಯಿತು.

ಮುಂಬಯಿಯಲ್ಲಿರುವ ನಮಗೆ ಇದಕ್ಕೆ ವಿರುದ್ಧವಾದ ನಿದರ್ಶನ ಸಮೀಪದಲ್ಲೇ ಇದೆ. ೧೯೭೪ರಲ್ಲಿ ಪತ್ತೆಯಾದ ಬಾಂಬೆ ಹೈ ಕ್ಷೇತ್ರದ ಸುಣ್ಣಕಲ್ಲಿನ ಸ್ತರಗಳು ದಶಕಗಳ ಕಾಲ ತೈಲವಿತ್ತಿವೆ. ಆ ಹಿರಿಮೆ ಘೋಷಣೆಯಿಂದ ಬಂದುದಲ್ಲ, ಉತ್ಪಾದನೆಯಿಂದ ಬಂದುದು.

ಅಂದಮಾನಿನ ಸಾಹಸವನ್ನು ನಾವು ಹಳಿಯುತ್ತಿಲ್ಲ, ಅದು ನಡೆಯಲೇಬೇಕು. ಆದರೆ ಸರಕಾರವು ಅಂಕೆಗಳನ್ನು ಸಾರುವಾಗ, ಕೊರೆದ ಬಾವಿಗಳೆಷ್ಟು, ಲಾಗುಗಳು ತೋರಿದ್ದೇನು, ಪರೀಕ್ಷೆಯಲ್ಲಿ ಹರಿದುದೆಷ್ಟು ಎಂಬುದನ್ನೂ ಜತೆಗೇ ತಿಳಿಸಲಿ. ಹಣ ತೆರುವ ಜನತೆಗೆ ಇಷ್ಟು ಕೇಳುವ ಹಕ್ಕಿದೆ.