ಹೆಬ್ಬೆರಳಿಗೊಂದು ಕೂಡುವ ಗುರುತು

ಭಾನುವಾರದ ಮಧ್ಯಾಹ್ನ. ಊಟ ಮುಗಿದಿದೆ. ಎಂಟನೆಯ ತರಗತಿಯ ಮಗಳು ಫೋನನ್ನು ಅಡ್ಡಲಾಗಿ ಹಿಡಿದು ಅಪ್ಪನ ಮುಂದೆ ಚಾಚುತ್ತಾಳೆ. ತೆರೆಯ ಮೇಲೆ 'ಸೂಪರ್ ಮಾರಿಯೊ ಬ್ರದರ್ಸ್', 1985ರಲ್ಲಿ ಜಪಾನಿನಲ್ಲಿ ಹುಟ್ಟಿದ ಆಟ. ಅಪ್ಪನ ಮುಖ ಅರಳುತ್ತದೆ. ಹೈಸ್ಕೂಲಿನ ಬೇಸಿಗೆ ರಜೆಗಳನ್ನು ಅವನು ಕಳೆದದ್ದೇ ಈ ಮೀಸೆಯ ಮನುಷ್ಯನ ಜೊತೆ. ಜಂಬದಿಂದ ಆಡಲು ಕೂರುತ್ತಾನೆ. ಮೊದಲ ಹೊಂಡದಲ್ಲೇ ಮಾರಿಯೊ ಬೀಳುತ್ತಾನೆ. ಎರಡನೆಯ ಸಲವೂ ಅಲ್ಲೇ. ಮೂರು 'ಲೈಫ್' ಮುಗಿಯಲು ಎರಡು ನಿಮಿಷ ಹಿಡಿಯುವುದಿಲ್ಲ.

"ಅಪ್ಪಾ, ಎಂಟೂ ವರ್ಲ್ಡ್ ಮುಗಿಸಿದ್ದೆ ಅಂದಿದ್ದೆ?"

"ಮುಗಿಸಿದ್ದೆ ಪುಟ್ಟೀ, ನಿನ್ನಾಣೆ. ಆಗ ಕೈಯಲ್ಲಿ ರಿಮೋಟ್ ಇತ್ತು."

ಮಗಳು ನಂಬಿದ ಹಾಗೆ ಕಾಣುವುದಿಲ್ಲ.

ಅಪ್ಪ ಹೇಳುವುದು ನಿಜ. ತಪ್ಪು ಅವನ ಬೆರಳಿನದಲ್ಲ, ಗಾಜಿನದು. ಆಡುವವನ ಕಣ್ಣು ಮಾರಿಯೊನ ಮೇಲಿರುತ್ತದೆ, ಗುಂಡಿಯ ಮೇಲಲ್ಲ. ಗುಂಡಿ ಎಲ್ಲಿದೆ ಎಂದು ಹೆಬ್ಬೆರಳು ತಡವಿ ತಿಳಿಯಬೇಕು. ಗಾಜಿಗೆ ಅಂಚಿಲ್ಲ, ಉಬ್ಬಿಲ್ಲ, ತಗ್ಗಿಲ್ಲ. ಹೆಬ್ಬೆರಳು ತನಗೇ ತಿಳಿಯದಂತೆ ಒಂದೆರಡು ಮಿಲಿಮೀಟರು ಸರಿದಿರುತ್ತದೆ. ಒತ್ತಿದ್ದು ಗುಂಡಿಗೆ ತಾಗದೆ ಬಯಲಿಗೆ ಬೀಳುತ್ತದೆ. ಸಾಲದ್ದಕ್ಕೆ ಎರಡು ಹೆಬ್ಬೆರಳುಗಳು ತೆರೆಯ ಒಂದಷ್ಟು ಭಾಗವನ್ನು ಮುಚ್ಚಿರುತ್ತವೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಎಮ್ಯುಲೇಟರ್ ಎಂದರೆ ಒಂದು ಯಂತ್ರವನ್ನು ಇನ್ನೊಂದು ಯಂತ್ರದ ಒಳಗೆ ನಟಿಸುವ ತಂತ್ರಾಂಶ. ಮಾರಿಯೊ ಓಡಾಡಿದ 'ಫ್ಯಾಮಿಕಾಂ' ಯಂತ್ರದ ಸಂಸ್ಕಾರಕ ಸೆಕೆಂಡಿಗೆ ಸುಮಾರು 18 ಲಕ್ಷ ಸಲ ಮಿಡಿಯುತ್ತಿತ್ತು. ಅದರ ಕೆಲಸದ ಸ್ಮೃತಿ 2 ಕಿಲೋಬೈಟ್. ಇಂದಿನ ಸಾಧಾರಣ ಫೋನಿಗೆ ಅದರ ಒಂದೊಂದು ಆಜ್ಞೆಯನ್ನೂ ಓದಿ ಅನುಕರಿಸುವುದು ಎಡಗೈ ಕೆಲಸ. ಸಂಸ್ಕಾರಕ, ಚಿತ್ರ ಬರೆಯುವ ಚಿಪ್, ಸಂಗೀತ ಎಲ್ಲವನ್ನೂ ತಂತ್ರಾಂಶ ನಟಿಸಬಲ್ಲದು. ನಟಿಸಲಾರದ್ದು ಒಂದೇ: ಕೈಯಲ್ಲಿ ಹಿಡಿಯುವ ವಸ್ತು. ಹಳೆಯ ಆಟದ ಪೂರ್ತಿ ರುಚಿ ಬೇಕೆಂದರೆ ಕೊಳ್ಳಬೇಕಾದದ್ದು ಆ ಕಂಟ್ರೋಲರ್ ಒಂದನ್ನೇ. ಆದ್ದರಿಂದ ಅದನ್ನು ತಪ್ಪಾಗಿ ಕೊಂಡರೆ ಉಳಿದದ್ದೆಲ್ಲ ಸರಿಯಿದ್ದೂ ಉಪಯೋಗವಿಲ್ಲ.

(ಆಟಗಳು ಎಲ್ಲಿಂದ ಬರುತ್ತವೆ ಎಂಬ ಪ್ರಶ್ನೆಯನ್ನು ಪೋಷಕರು ಕೇಳಲೇಬೇಕು. ಎಮ್ಯುಲೇಟರ್ ಇಟ್ಟುಕೊಳ್ಳುವುದು ಅಪರಾಧವಲ್ಲ. ಆಪಲ್ ಕಂಪೆನಿ ಕೂಡ 2024ರ ಏಪ್ರಿಲ್‌ನಲ್ಲಿ ತನ್ನ ಆಪ್ ಅಂಗಡಿಯೊಳಗೆ ಹಳೆಯ ಆಟಗಳ ಎಮ್ಯುಲೇಟರ್‌ಗಳನ್ನು ಬಿಟ್ಟುಕೊಂಡಿತು. ಆದರೆ ಆಟಗಳಿಗೆ ಪುಸ್ತಕಗಳಂತೆಯೇ ಕೃತಿಸ್ವಾಮ್ಯವಿದೆ. ಪುಕ್ಕಟೆ ಸಿಕ್ಕಿದ್ದೆಲ್ಲ ನ್ಯಾಯವಾಗಿ ಸಿಕ್ಕಿದ್ದಲ್ಲ. ಹಳೆಯ ಯಂತ್ರಗಳಿಗೆಂದೇ ಈಗಲೂ ಹೊಸ ಆಟ ಬರೆದು ಮಾರುವವರಿದ್ದಾರೆ. 2019ರ 'ಮೈಕ್ರೊ ಮೇಜಸ್' ಅಂಥದ್ದು.)

ಕೊಳ್ಳುವಾಗ ಮೊದಲು ನೋಡಬೇಕಾದದ್ದು ಎಡಗಡೆಯ ಕೂಡುವ ಗುರುತಿನ ಆಕಾರದ ಗುಂಡಿ. ಡಿ-ಪ್ಯಾಡ್ ಎಂದು ಅದರ ಹೆಸರು. ಅದರ ಹಿಂದೆ ಒಂದು ಕಥೆಯಿದೆ. ಜಪಾನಿನ ಕ್ಯೋಟೊ ನಗರದ ನಿಂಟೆಂಡೊ ಕಂಪೆನಿಯಲ್ಲಿ ಗುನ್‌ಪೇ ಯೊಕೊಯಿ ಎಂಬ ತಂತ್ರಜ್ಞನಿದ್ದ. ಅಂಗೈಯಗಲದ 'ಗೇಮ್ ಅಂಡ್ ವಾಚ್' ಆಟಿಕೆಗಳು ಅವನ ಕಲ್ಪನೆ. 1982ರಲ್ಲಿ 'ಡಾಂಕಿ ಕಾಂಗ್' ಆಟವನ್ನು ಪುಸ್ತಕದಂತೆ ಮಡಚುವ ಆಟಿಕೆಯಾಗಿ ತರುವಾಗ ಒಂದು ತೊಡಕು ಎದುರಾಯಿತು. ಆಟದ ಅಂಗಡಿಗಳಲ್ಲಿ ಆಗ ಎದ್ದು ನಿಂತ ಕೋಲನ್ನು ಹಿಡಿದು ಆಡುವುದು ವಾಡಿಕೆ. ಕೋಲು ಎದ್ದು ನಿಂತಿದ್ದರೆ ಪುಸ್ತಕ ಮುಚ್ಚುವುದು ಹೇಗೆ? ಯೊಕೊಯಿ ಕೋಲನ್ನು ತೆಗೆದು, ನಾಲ್ಕು ದಿಕ್ಕಿಗೂ ವಾಲುವ ಚಪ್ಪಟೆ ಗುಂಡಿಯನ್ನು ಕೂರಿಸಿದ. ಮರುವರ್ಷ, 1983ರಲ್ಲಿ, ಅದೇ ಗುಂಡಿ ಫ್ಯಾಮಿಕಾಂನ ಕಂಟ್ರೋಲರಿಗೆ ಬಂತು. 1990ರ ದಶಕದಲ್ಲಿ ನಮ್ಮ ಊರುಗಳ ಎಲೆಕ್ಟ್ರಾನಿಕ್ ಅಂಗಡಿಗಳಲ್ಲಿ 'ಟಿವಿ ವಿಡಿಯೊ ಗೇಮ್' ಎಂದು ಮಾರಾಟವಾದವುಗಳಲ್ಲಿ ಹೆಚ್ಚಿನವು ಈ ಫ್ಯಾಮಿಕಾಂನ ನಕಲುಗಳೇ. 'ಕ್ಯಾಸೆಟ್' ಹೊರತೆಗೆದು, ಬಾಯಲ್ಲಿ ಊದಿ, ಮತ್ತೆ ತುರುಕಿ ಆಡಿದ ಅಂದಿನ ಹುಡುಗರೇ ಇಂದಿನ ಅಪ್ಪಂದಿರು.

ಆ ಗುಂಡಿಯ ಒಳಗೆ ಮಾಂತ್ರಿಕವೇನೂ ಇಲ್ಲ. ಕೂಡುವ ಗುರುತು ಇಡೀ ಒಂದೇ ತುಂಡು ಪ್ಲಾಸ್ಟಿಕ್. ಅದರ ಹೊಟ್ಟೆಯ ನಡುವೆ ಒಂದು ಉಬ್ಬು. ಆ ಉಬ್ಬಿನ ಮೇಲೆ ಅದು ಏತದ ಹಲಗೆಯಂತೆ ವಾಲುತ್ತದೆ. ನಾಲ್ಕು ತೋಳುಗಳ ಕೆಳಗೆ ನಾಲ್ಕು ರಬ್ಬರಿನ ಗುಮ್ಮಟಗಳು. ಪ್ರತಿ ಗುಮ್ಮಟದ ಒಳಛಾವಣಿಗೆ ಇಂಗಾಲ ಬೆರೆಸಿದ ಕರಿಯ ಬಿಲ್ಲೆ ಅಂಟಿಕೊಂಡಿರುತ್ತದೆ. ಒತ್ತಿದಾಗ ಬಿಲ್ಲೆ ಕೆಳಗಿನ ತಾಮ್ರದ ಗೆರೆಗಳ ಮೇಲೆ ಕುಳಿತು ವಿದ್ಯುತ್ತಿಗೆ ದಾರಿ ಮಾಡುತ್ತದೆ; ಬಿಟ್ಟಾಗ ರಬ್ಬರು ಮೇಲೆದ್ದು ದಾರಿ ಕಡಿಯುತ್ತದೆ. ನಡುವಿನ ಉಬ್ಬಿನ ಕೆಲಸ ಬಹಳ ದೊಡ್ಡದು. ಏತ ಒಂದು ಕಡೆ ಇಳಿದರೆ ಇನ್ನೊಂದು ಕಡೆ ಏಳಲೇಬೇಕಲ್ಲವೆ? ಹಾಗಾಗಿ ಎಡವನ್ನೂ ಬಲವನ್ನೂ ಒಟ್ಟಿಗೆ ಒತ್ತಲು ಆಗುವುದಿಲ್ಲ.

ಅಗ್ಗದ ಕಂಟ್ರೋಲರುಗಳು ಸೋಲುವುದು ಇಲ್ಲಿಯೇ. ಉಬ್ಬು ಗಿಡ್ಡವಾಗಿದ್ದರೆ, ಅಥವಾ ರಬ್ಬರು ಅತಿ ಮೆದುವಾಗಿದ್ದರೆ, ಬಲಕ್ಕೆ ಒತ್ತಿದಾಗ ಪಕ್ಕದ ಕೆಳ ತೋಳೂ ತುಸು ಇಳಿದು ತಾಗುತ್ತದೆ. ಆಟಕ್ಕೆ 'ಬಲ ಮತ್ತು ಕೆಳಗೆ' ಎಂಬ ಸುದ್ದಿ ಹೋಗುತ್ತದೆ. ಓಡಬೇಕಾದ ಮಾರಿಯೊ ಹೊಂಡದ ಅಂಚಿನಲ್ಲಿ ತಡವರಿಸುತ್ತಾನೆ. ಇದಕ್ಕೆ ಸುಳ್ಳು ಓರೆ ಎನ್ನೋಣ. ಪೆಟ್ಟಿಗೆಯ ಮೇಲೆ ಅಚ್ಚಾದ ಗುಣಗಳ ಪಟ್ಟಿಯಲ್ಲಿ ಬ್ಯಾಟರಿ, ಬಣ್ಣದ ದೀಪ, ಕಂಪನ ಎಲ್ಲ ಇರುತ್ತವೆ. ಸುಳ್ಳು ಓರೆ ಮಾತ್ರ ಇರುವುದಿಲ್ಲ.

ಮುಂದಿನದು ಗುಂಡಿಗಳ ಲೆಕ್ಕ. ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲಿ ಆಡುವ ಆಟಗಳ ಹೆಸರು ಒಂದು ಚೀಟಿಯಲ್ಲಿ ಬರೆಯಿರಿ. ಫ್ಯಾಮಿಕಾಂ ಮತ್ತು 1989ರ ಗೇಮ್ ಬಾಯ್‌ಗೆ ಬಲಗಡೆ ಎರಡೇ ಗುಂಡಿ: ಎ, ಬಿ. 1990ರ ಸೂಪರ್ ಫ್ಯಾಮಿಕಾಂಗೆ ನಾಲ್ಕು, ಜೊತೆಗೆ ಭುಜದ ಮೇಲೆ ಎರಡು. 1994ರ ಪ್ಲೇಸ್ಟೇಷನ್‌ಗೆ ಭುಜದ ಗುಂಡಿಗಳೇ ನಾಲ್ಕು. ಹೆಬ್ಬೆರಳಿನ ಕೋಲುಗಳು ಎಲ್ಲ ಕಡೆ ಬಂದದ್ದು 1996ರ ನಿಂಟೆಂಡೊ 64 ಮತ್ತು 1997ರ ಡ್ಯುಯಲ್‌ಶಾಕ್ ನಂತರ. ಚೀಟಿಯಲ್ಲಿ ಮಾರಿಯೊ, ಕಾಂಟ್ರಾ, ಟೆಟ್ರಿಸ್ ಇಷ್ಟೇ ಇದ್ದರೆ ಕೋಲುಗಳಿಗೆ ಕೊಡುವ ಹಣ ವ್ಯರ್ಥ.

ಕೋಲು ಬೇಕೇಬೇಕು ಎನ್ನುವವರು ಅದರ ಒಳಗನ್ನು ವಿಚಾರಿಸಿ. ಸಾಮಾನ್ಯ ಕೋಲಿನಲ್ಲಿರುವುದು ಹಳೆಯ ರೇಡಿಯೊದ ವಾಲ್ಯೂಮ್ ತಿರುಪಿನಲ್ಲಿದ್ದಂಥ ಸವೆಯುವ ರೋಧಕ. ಆ ತಿರುಪು ಮುದಿಯಾದಾಗ ಕರಕರ ಎನ್ನುತ್ತಿದ್ದುದು ನೆನಪಿದೆಯೆ? ಕೋಲು ಮುದಿಯಾದರೆ ಕೈ ಬಿಟ್ಟರೂ ಆಟದ ಮನುಷ್ಯ ತಾನೇ ಒಂದು ಕಡೆ ನಡೆಯತೊಡಗುತ್ತಾನೆ. ಇದಕ್ಕೆ ಮದ್ದು 1879ರಲ್ಲೇ ಇತ್ತು. ವಿದ್ಯುತ್ ಹರಿಯುವ ವಾಹಕವನ್ನು ಕಾಂತಕ್ಷೇತ್ರದಲ್ಲಿಟ್ಟರೆ ಅದರ ಅಡ್ಡಕ್ಕೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ ಎಂದು ಅಮೆರಿಕದ ಎಡ್ವಿನ್ ಹಾಲ್ ಆ ವರ್ಷ ಕಂಡುಕೊಂಡ. ಕೋಲಿನ ಬುಡಕ್ಕೆ ಪುಟ್ಟ ಅಯಸ್ಕಾಂತ ಕಟ್ಟಿ ಈ ವೋಲ್ಟೇಜನ್ನು ಅಳೆದರೆ ಉಜ್ಜಾಟವೂ ಇಲ್ಲ, ಸವೆತವೂ ಇಲ್ಲ. 1998ರ ಸೆಗಾ ಡ್ರೀಮ್‌ಕಾಸ್ಟ್ ಹೀಗೆಯೇ ಮಾಡಿತ್ತು. ಇಂದು 'ಹಾಲ್ ಎಫೆಕ್ಟ್' ಎಂದು ಬರೆದು ಮಾರುವುದು ಇದನ್ನೇ.

ಇನ್ನು ಆಕಾರ. ಜೇಬಿನಲ್ಲಿ ಒಯ್ಯುವಂಥವು ಮುಖ್ಯವಾಗಿ ಎರಡು ಬಗೆ. ಒಂದು, ಬೆಂಕಿಪೊಟ್ಟಣದ ದೊಡ್ಡಣ್ಣನಂತಿರುವ ಪುಟ್ಟ ಬ್ಲೂಟೂತ್ ಕಂಟ್ರೋಲರ್. ಚೀನಾದ 8ಬಿಟ್‌ಡೂ ಕಂಪೆನಿ 2023ರಲ್ಲಿ ತಂದ 'ಮೈಕ್ರೊ' ಸುಮಾರು 25 ಗ್ರಾಂ ತೂಗುತ್ತದೆ. ಕೋಲಿಲ್ಲ, ಡಿ-ಪ್ಯಾಡ್ ಇದೆ, ಸೂಪರ್ ಫ್ಯಾಮಿಕಾಂನ ಆಟಗಳಿಗೂ ಸಾಕಾಗುವಷ್ಟು ಗುಂಡಿಗಳಿವೆ. ಮಗಳ ಕೈಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಅಪ್ಪನ ಕೈಗೆ? ಅರ್ಧ ಗಂಟೆಯಲ್ಲಿ ಬೆರಳುಗಳು ಮರಗಟ್ಟಿ, ಅವನು ಕೈ ಕೊಡವುತ್ತ ಎದ್ದು ಹೋಗುತ್ತಾನೆ. ಇಬ್ಬರೂ ಆಡುವ ಮನೆಯಾದರೆ ಕೊಂಚ ದೊಡ್ಡದೇ ಲೇಸು. ಫೋನನ್ನು ಎಲ್ಲಿ ನಿಲ್ಲಿಸುವುದು ಎಂಬ ಪ್ರಶ್ನೆಯೂ ಉಳಿಯುತ್ತದೆ. ಲೋಟಕ್ಕೆ ಒರಗಿಸಿದ ಫೋನು ಮಗುಚಿ ಬೀಳುವುದು ಖಂಡಿತ.

ಎರಡನೆಯದು, ಫೋನನ್ನು ನಡುವೆ ಸಿಕ್ಕಿಸಿಕೊಂಡು ಎರಡೂ ಬದಿಯಿಂದ ಅಪ್ಪಿ ಹಿಡಿಯುವ ಬಗೆ. ಬ್ಯಾಕ್‌ಬೋನ್, ರೇಜರ್ ಕಿಶಿ ಮುಂತಾದವು ಈ ಜಾತಿಯವು. ಇವು ನೇರವಾಗಿ ಫೋನಿನ ಚಾರ್ಜಿಂಗ್ ಕಿಂಡಿಗೆ ಕೂಡಿಕೊಳ್ಳುತ್ತವೆ. ಕಿಂಡಿ ಯಾವ ಬಗೆಯದು ಎಂದು ಮೊದಲೇ ನೋಡಬೇಕು. ಐಫೋನುಗಳು ಯುಎಸ್‌ಬಿ-ಸಿ ಕಿಂಡಿಗೆ ಬಂದದ್ದು 2023ರಿಂದ ಈಚೆಗೆ. ಫೋನಿನ ದಪ್ಪ ಕವಚವನ್ನು ಪ್ರತಿ ಸಲವೂ ಬಿಚ್ಚಬೇಕಾಗಬಹುದು. ಇದಕ್ಕಿಂತ ಗಮನಿಸಬೇಕಾದ ಮಾತೊಂದಿದೆ. ಇವುಗಳಲ್ಲಿ ಬಹುಪಾಲು ಹೊಸ ಆಟಗಳಿಗಾಗಿ ಮಾಡಿದವು. ಎಡ ಹೆಬ್ಬೆರಳು ಸಹಜವಾಗಿ ಕೂರುವ ಮೇಲಿನ ಜಾಗವನ್ನು ಕೋಲಿಗೆ ಕೊಟ್ಟು, ಡಿ-ಪ್ಯಾಡನ್ನು ಕೆಳಗೆ ತಳ್ಳಿರುತ್ತಾರೆ. ಹಳೆಯ ಆಟ ಆಡುವವರು ಇಡೀ ಹೊತ್ತು ಹೆಬ್ಬೆರಳನ್ನು ಒಳಕ್ಕೆ ಮಡಿಸಿ ಹಿಡಿಯಬೇಕು. ಡಿ-ಪ್ಯಾಡ್ ಮೇಲಿರುವುದನ್ನೇ ಹುಡುಕುವುದು ಉತ್ತಮ.

ತಂತಿಯೋ ಬ್ಲೂಟೂತೋ ಎಂಬ ಚರ್ಚೆಗೆ ಸ್ವಲ್ಪ ಗಣಿತ ಬೇಕು. ಹಳೆಯ ಕಂಟ್ರೋಲರಿನಲ್ಲಿ 4021 ಎಂಬ ಪುಟ್ಟ ಚಿಪ್ ಇತ್ತು. ಯಂತ್ರವು ತರಗತಿಯಲ್ಲಿ ಹಾಜರಿ ಕೂಗಿದ ಹಾಗೆ ಕೇಳುತ್ತಿತ್ತು: ಎ? ಇಲ್ಲ. ಬಿ? ಹಾಜರ್. ಹೀಗೆ ಎಂಟು ಗುಂಡಿಗಳ ಉತ್ತರ ಒಂದೇ ತಂತಿಯಲ್ಲಿ ಒಂದರ ಹಿಂದೊಂದು ಬರುತ್ತಿತ್ತು. ಸೆಕೆಂಡಿಗೆ 60 ಚಿತ್ರಗಳು, ಸಾಮಾನ್ಯವಾಗಿ ಒಂದೊಂದು ಚಿತ್ರಕ್ಕೂ ಒಂದು ಹಾಜರಿ. ಎಂದರೆ ಒಂದು ಚಿತ್ರಕ್ಕೆ ಸುಮಾರು 16.7 ಮಿಲಿಸೆಕೆಂಡು. ಈಗಿನ ಸುದ್ದಿ ಕಂಟ್ರೋಲರಿನಿಂದ ಗಾಳಿಗೆ, ಗಾಳಿಯಿಂದ ಫೋನಿಗೆ, ಫೋನಿನಿಂದ ಎಮ್ಯುಲೇಟರಿಗೆ, ಅಲ್ಲಿಂದ ತೆರೆಗೆ ಹೋಗಬೇಕು. ಪ್ರತಿ ಮೆಟ್ಟಿಲೂ ಕೊಂಚ ತಡಮಾಡುತ್ತದೆ. ಎಲ್ಲ ಸೇರಿ ನಾಲ್ಕು ಚಿತ್ರಗಳಷ್ಟು ತಡವಾಯಿತು ಎನ್ನಿ. ಪೂರ್ತಿ ವೇಗದಲ್ಲಿ ಓಡುವ ಮಾರಿಯೊ ಒಂದು ಚಿತ್ರಕ್ಕೆ ಸುಮಾರು ಎರಡೂವರೆ ಪಿಕ್ಸೆಲ್ ಸಾಗುತ್ತಾನೆ, ನಾಲ್ಕಕ್ಕೆ ಹತ್ತು. ಅವನ ಲೋಕದ ಒಂದು ಇಟ್ಟಿಗೆಯ ಅಗಲ 16 ಪಿಕ್ಸೆಲ್. ಅಂದರೆ ಅರ್ಧ ಇಟ್ಟಿಗೆಗಿಂತ ಹೆಚ್ಚು ದೂರ ಅವನು ನಿಮ್ಮ ಮಾತು ಕೇಳಿಸಿಕೊಳ್ಳದೆ ಓಡಿರುತ್ತಾನೆ. ಹಳೆಯ ಅಭ್ಯಾಸದ ಅಪ್ಪ ಹೊಂಡದ ಅಂಚಿನಲ್ಲೇ ಗುಂಡಿ ಒತ್ತುವವನು, ಬೀಳುವುದು ಅವನೇ. ಮಗಳಿಗೆ ಆ ಅಭ್ಯಾಸವಿಲ್ಲ, ಎರಡು ದಿನದಲ್ಲಿ ಹೊಂದಿಕೊಳ್ಳುತ್ತಾಳೆ. ಒಗಟು ಬಿಡಿಸುವ ಆಟಗಳಿಗೆ ಈ ಲೆಕ್ಕ ಬೇಡ. ನೆಗೆತದ ಆಟಗಳಿಗೆ ಸಾಧ್ಯವಾದರೆ ತಂತಿಯೇ ಇರಲಿ. 'ರೆಟ್ರೊಆರ್ಕ್' ಎಂಬ ಎಮ್ಯುಲೇಟರಿನಲ್ಲಿ 2018ರಿಂದ, ತೆರೆಯ ಹಿಂದೆಯೇ ಒಂದೆರಡು ಚಿತ್ರ ಮುಂದಾಗಿ ಲೆಕ್ಕ ಹಾಕಿ ತಡವನ್ನು ತಗ್ಗಿಸುವ ಉಪಾಯವೂ ಇದೆ. ಆದರೆ ಅದಕ್ಕೆ ಚುರುಕಾದ ಫೋನು ಬೇಕು.

ಕಂಟ್ರೋಲರ್ ಮನೆಗೆ ಬಂದ ದಿನವೇ, ಹಿಂತಿರುಗಿಸುವ ಅವಧಿ ಮುಗಿಯುವ ಮುಂಚೆ, ಪರೀಕ್ಷೆ ಮಾಡಿಬಿಡಿ. ಮೊದಲು ಎ, ಬಿ ಗುಂಡಿಗಳ ಜಾಗ ಸರಿಪಡಿಸಿ. ಮಾರಿಯೊ ಓಡಲು ಬಿ ಒತ್ತಿಯೇ ಇರಬೇಕು, ನೆಗೆಯಲು ಅದೇ ಹೆಬ್ಬೆರಳಿನ ಗೆಣ್ಣು ಎ ಮೇಲೆ ವಾಲಬೇಕು. ಈಗಿನ ವಜ್ರಾಕೃತಿಯ ನಾಲ್ಕು ಗುಂಡಿಗಳಲ್ಲಿ ಎಡಗಡೆಯದನ್ನು ಬಿ ಎಂದೂ ಕೆಳಗಿನದನ್ನು ಎ ಎಂದೂ ಎಮ್ಯುಲೇಟರಿನಲ್ಲಿ ನಿಗದಿ ಮಾಡಿದರೆ ಬೆರಳು ಸರಾಗವಾಗಿ ವಾಲುತ್ತದೆ. ಬಳಿಕ ಕಾಂಟ್ರಾ ಹಾಕಿ. ಬಲಕ್ಕೆ ಗಟ್ಟಿಯಾಗಿ ಒತ್ತಿ ಹಿಡಿದು ಓಡುತ್ತ, ಹೆಬ್ಬೆರಳನ್ನು ಎತ್ತದೆ ತುಸು ಮೇಲೆ ಕೆಳಗೆ ಹೊರಳಿಸಿ. ಬಂದೂಕು ನೆಟ್ಟಗೆ ಮುಂದಕ್ಕೇ ಇರಬೇಕು. ಪದೇ ಪದೇ ಓರೆಯಾಗಿ ಮೇಲಕ್ಕೋ ಕೆಳಕ್ಕೋ ತಿರುಗಿದರೆ ಅದು ಸುಳ್ಳು ಓರೆ. ಎಡಕ್ಕೂ ಹೀಗೆಯೇ ಮಾಡಿ. ಬೇಕೆಂದೇ ಓರೆಗೆ ಒತ್ತಿದಾಗ ಓರೆ ಬರಬೇಕು ಎಂಬುದನ್ನೂ ಮರೆಯಬೇಡಿ. ಕೆಲವು ಬಿಗಿ ಪ್ಯಾಡುಗಳಲ್ಲಿ ಅದೇ ಬರುವುದಿಲ್ಲ. ತೇರ್ಗಡೆಯಾಗದ್ದನ್ನು ಹಿಂದಕ್ಕೆ ಕಳಿಸಿ.

ವಾರಂಟಿ ಮುಗಿದ ಹಳೆಯದೊಂದು ಮನೆಯಲ್ಲಿ ಬಿದ್ದಿದ್ದರೆ ಅದನ್ನು ಎಸೆಯಬೇಡಿ. ಬಿಚ್ಚಿ, ಮೊದಲು ಬ್ಯಾಟರಿಯ ತಂತಿಯನ್ನು ಕಳಚಿ. ರಬ್ಬರಿನ ಗುಮ್ಮಟಗಳನ್ನು ಎತ್ತಿದರೆ ಡಿ-ಪ್ಯಾಡಿನ ನಾಲ್ಕು ತಾಮ್ರದ ಸ್ಪರ್ಶಜಾಗಗಳು ಕಾಣುತ್ತವೆ. ಒಂದೊಂದರ ಅಂಚನ್ನೂ ತೆಳುವಾದ ಸೆಲ್ಲೋಟೇಪಿನ ಕಿರುಪಟ್ಟಿಯಿಂದ ಮುಚ್ಚಿ, ನಡುಭಾಗವನ್ನು ಮಾತ್ರ ತೆರೆದಿಡಿ. ಈಗ ಕರಿಯ ಬಿಲ್ಲೆ ಪೂರ್ತಿ ಇಳಿಯದೆ ತಾಗುವುದಿಲ್ಲ, ಪಕ್ಕದ ತೋಳು ಅರ್ಧಂಬರ್ಧ ಇಳಿದರೆ ಸುದ್ದಿ ಹೋಗುವುದಿಲ್ಲ. ಅರ್ಧ ಗಂಟೆಯ ಕೆಲಸ. ಒಬ್ಬರು ಟಾರ್ಚ್ ಹಿಡಿಯಬೇಕು. ತಿರುಪುಗಳನ್ನು ತೆಗೆದ ಜಾಗದ ಪ್ರಕಾರವೇ ಕಾಗದದ ಮೇಲೆ ಜೋಡಿಸಿಡಿ. ಉದ್ದದ್ದು ಗಿಡ್ಡ ತೂತಿಗೆ ಹೋದರೆ ಎದುರಿನ ಪ್ಲಾಸ್ಟಿಕ್ ಸೀಳುತ್ತದೆ.